ಆಪರೇಶನ್ ಆರಿಸುವ ಮೊದಲು ಕೂಸಿಗೆ ಕೆಲವು ಮಾತು

ಕೂಸೇ,

ತೂಕ ಇಳಿಸುವ ಆಪರೇಶನ್ನಿನಲ್ಲಿ ಸ್ಲೀವ್ ಮಾಡಿಸುವುದೋ ಬೈಪಾಸ್ ಮಾಡಿಸುವುದೋ ಎಂದು ನೀನು ಬೆಂಗಳೂರಿನಿಂದ ಅಪ್ಪನಿಗೆ ಫೋನ್ ಮಾಡಿದೆಯಂತೆ. ಆ ಎರಡರಲ್ಲಿ ಒಂದೂ ಅವನ ತಲೆಗೆ ಹೋಗದೆ, ಅಡಿಕೆ ಸುಲಿಸುವ ಕೆಲಸವನ್ನು ಆಳುಗಳಿಗೆ ಬಿಟ್ಟು ಇಲ್ಲಿಗೆ ಬಂದು ಕೂತ. ಬರೆದು ಕಳಿಸುತ್ತೇನೆ ಎಂದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಬರೆದದ್ದಾದರೆ ಡಾಕ್ಟರ ಎದುರು ಕೂತಾಗಲೂ ತೆಗೆದು ನೋಡಬಹುದು. ನಾನು ಡಾಕ್ಟರಲ್ಲ, ಸರ್ಜರಿ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಥಿಯೇಟರಿನ ಒಳಗಿನದು ಒಂದೆರಡು ಗಂಟೆಯ ಕೆಲಸ. ಅದು ಮುಗಿದ ಮೇಲಿನದನ್ನು ನೋಡಿಕೊಂಡು ಬಂದವಳು ನಾನು. ಯಾವ ಆಪರೇಶನ್ ಎಂಬುದನ್ನು ನೀನೂ ಆ ಮೇಲಿನದನ್ನು ನೋಡಿಯೇ ಆರಿಸಬೇಕು. ಎಷ್ಟು ಕಿಲೋ ಇಳಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹತ್ತು ವರ್ಷ ಕಳೆದ ಮೇಲೂ ಯಾವುದರೊಂದಿಗೆ ನೆಮ್ಮದಿಯಾಗಿ ಇರಬಲ್ಲೆ ಎಂದು ನೀನು ಕೇಳಿಕೋ.

"ಬಾಯಿ ಕಟ್ಟಿದ್ದರೆ ಸಾಕಿತ್ತು, ಇದಕ್ಕೆಲ್ಲ ಹೊಟ್ಟೆ ಕತ್ತರಿಸಬೇಕಾ" ಎನ್ನುವವರು ಬೆಟ್ಟಂಪಾಡಿಯಲ್ಲೂ ಇದ್ದಾರೆ, ನಿನ್ನ ಆಫೀಸಿನಲ್ಲೂ ಇರುತ್ತಾರೆ. ನೀನು ಬಾಯಿ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಳಿದ ತೂಕ ಪ್ರತಿ ಸಲವೂ ಮರಳಿ ಬಂದದ್ದನ್ನೂ ಕಂಡಿದ್ದೇನೆ. ತೂಕ ಇಳಿದ ಕೂಡಲೇ ದೇಹ ಹಸಿವನ್ನು ಏರಿಸುತ್ತದೆ, ಸುಡುವ ಶಕ್ತಿಯನ್ನು ತಗ್ಗಿಸುತ್ತದೆ, ಕಳೆದುಕೊಂಡದ್ದನ್ನು ಹೇಗಾದರೂ ಕೂಡಿಹಾಕಲು ನೋಡುತ್ತದೆ. ಇದರಲ್ಲಿ ನಿನ್ನ ಛಲದ ಕೊರತೆ ಏನೂ ಇಲ್ಲ. ಎತ್ತರ 158 ಸೆಂಟಿಮೀಟರ್, ತೂಕ 104 ಕಿಲೋ ಎಂದರೆ ಬಿಎಂಐ 41 ದಾಟಿತು. 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಆಪರೇಶನ್ ಸೂಚಿಸಬಹುದು, ಏಷ್ಯಾದವರಿಗಾದರೆ 27.5ರಿಂದಲೇ ಯೋಚಿಸಬಹುದು ಎಂದು 2022ರಲ್ಲಿ ಈ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಗಳು ಹೇಳಿವೆ. ನಿನಗೆ ಸಕ್ಕರೆ ಕಾಯಿಲೆಯೂ ಶುರುವಾಗಿದೆ. ಹಾಗಾಗಿ ಮಾಡಿಸಿಕೊಳ್ಳುವುದು ಸರಿಯೋ ಎಂದು ನಾಚುತ್ತ ಕೂರಬೇಡ.

ಅಮ್ಮನ ಹೆದರಿಕೆ ಬೇರೆಯದು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿಯನ್ನು ಅವಳು ಮರೆತಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿ, ಯಾವ ತಾಯಿಗಾದರೂ ಎದೆ ನಡುಗುವಂಥದ್ದೇ. ಆದರೆ ಆ ಹುಡುಗಿ ಮಾಡಿಸಿಕೊಂಡದ್ದು ಚರ್ಮದಡಿಯ ಕೊಬ್ಬು ತೆಗೆಯುವ ಚಿಕಿತ್ಸೆ. ಅದು ಆಕಾರಕ್ಕಾಗಿ ಮಾಡುವಂಥದ್ದು, ಹಸಿವಿಗೂ ಸಕ್ಕರೆಗೂ ಅದರಿಂದ ಏನೂ ಆಗದು. ನಿನ್ನದು ಜಠರ ಮತ್ತು ಕರುಳಿನ ಆಪರೇಶನ್. ಅಮ್ಮನನ್ನು ಹತ್ತಿರ ಕೂರಿಸಿಕೊಂಡು ಈ ವ್ಯತ್ಯಾಸವನ್ನು ತಿಳಿಸು. ಅಪಾಯವೇ ಇಲ್ಲ ಎಂದು ಮಾತ್ರ ಹೇಳಬೇಡ. ಒಳ್ಳೆಯ ಕೇಂದ್ರಗಳಲ್ಲೂ ಸಾವಿರಕ್ಕೆ ಒಬ್ಬಿಬ್ಬರು ಜೀವ ಕಳೆದುಕೊಳ್ಳುತ್ತಾರೆ. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ಇವೆಲ್ಲ ಅಪರೂಪವಾದರೂ ಆಗುವಂಥವು. ಐಸಿಯು ಇಲ್ಲದ ಕಡೆ, ರಾತ್ರಿ ಹೊತ್ತು ಸರ್ಜನ್ ಸಿಗದ ಕಡೆ, ಎಷ್ಟೇ ಕಡಿಮೆ ದುಡ್ಡಿಗೆ ಮಾಡುತ್ತೇವೆಂದರೂ ಕಾಲಿಡಬೇಡ.

ಈಗ ಸ್ಲೀವ್. ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ಹೊರಗೆ ತೆಗೆದುಬಿಡುತ್ತಾರೆ, ಉದ್ದದ ಒಂದು ಕೊಳವೆಯಷ್ಟೇ ಉಳಿಯುತ್ತದೆ. ತೆಗೆದದ್ದು ತೆಗೆದ ಹಾಗೆಯೇ, ಮತ್ತೆ ಜೋಡಿಸುವಂತಿಲ್ಲ. ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಆ ತೆಗೆದ ಭಾಗದಲ್ಲೇ. ಅದಕ್ಕೇ ಹೊಟ್ಟೆ ಚಿಕ್ಕದಾಗುವುದರ ಜೊತೆಗೆ ಹಸಿವೂ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ, ಹೊಸ ಜೋಡಣೆಗಳಿಲ್ಲ, ಸಮಯವೂ ಕಡಿಮೆ ಸಾಕು. ಮೊದಲಿಗೆ ಇದು ತೀರಾ ತೂಕದವರಿಗೆ ದೊಡ್ಡ ಆಪರೇಶನ್ನಿನ ಮೊದಲ ಹಂತವಾಗಿ ಶುರುವಾದದ್ದು. ಅಷ್ಟರಲ್ಲೇ ಹಲವರ ತೂಕ ಚೆನ್ನಾಗಿ ಇಳಿದದ್ದನ್ನು ಕಂಡು ಅದನ್ನೇ ಉಳಿಸಿಕೊಂಡರು. ಮುಂದೆ ಸಾಲದೆ ಹೋದರೆ ಬೈಪಾಸಿಗೆ ಬದಲಾಯಿಸುವ ದಾರಿ ಉಳಿದಿರುತ್ತದೆ, ಇದು ಸ್ಲೀವಿನ ದೊಡ್ಡ ಗುಣ.

ಅದರ ದೋಷ ಎದೆಯುರಿ. ಕೊಳವೆಯಂತಾದ ಜಠರದಲ್ಲಿ ಒತ್ತಡ ಹೆಚ್ಚು, ಆಮ್ಲ ಮೇಲಕ್ಕೆ ಬರುತ್ತದೆ. ಫಿನ್ಲೆಂಡಿನಲ್ಲಿ 240 ಮಂದಿಗೆ ಚೀಟಿ ಎತ್ತಿದಂತೆ ಸ್ಲೀವೋ ಬೈಪಾಸೋ ಹಂಚಿ, ಹತ್ತು ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹೆಚ್ಚುವರಿ ತೂಕದಲ್ಲಿ ಬೈಪಾಸಿನವರು ಸುಮಾರು 51 ಶೇಕಡಾ ಕಳೆದುಕೊಂಡಿದ್ದರು, ಸ್ಲೀವಿನವರು ಸುಮಾರು 44 ಶೇಕಡಾ. ಅಷ್ಟೇನೂ ದೊಡ್ಡ ಅಂತರವಲ್ಲ. ಆದರೆ ಎಂಡೋಸ್ಕೋಪಿ ಮಾಡಿ ನೋಡಿದಾಗ ಅನ್ನನಾಳ ಹುಣ್ಣಾಗಿದ್ದವರು ಸ್ಲೀವಿನಲ್ಲಿ 31 ಶೇಕಡಾ, ಬೈಪಾಸಿನಲ್ಲಿ ಬರೀ 7. ನೀನು ಕಳೆದ ಸಲ ಊರಿಗೆ ಬಂದಾಗ ರಾತ್ರಿ ಎರಡು ತಲೆದಿಂಬು ಇಟ್ಟು ಮಲಗಿದ್ದೆ, ಬೆಳಿಗ್ಗೆ ಗಂಟಲು ಹುಳಿ ಹುಳಿ ಎನ್ನುತ್ತಿದ್ದೆ. ಅದನ್ನು ಡಾಕ್ಟರಿಗೆ ಹೇಳಿದ್ದೀಯಾ? ನೀನು ಹೇಳದಿದ್ದರೆ ಅವರಿಗೆ ತಿಳಿಯುವುದು ಕಷ್ಟ. ಆಪರೇಶನ್ನಿಗೆ ಮೊದಲು ಎಂಡೋಸ್ಕೋಪಿ ಮಾಡಿಯೇ ಮಾಡಬೇಕು ಎಂದು ಹಟ ಹಿಡಿ. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೋ ಎಂದೂ ಆಗಲೇ ನೋಡಲಿ, ಇದ್ದರೆ ಮೊದಲೇ ಔಷಧಿ ಕೊಟ್ಟು ಹೋಗಲಾಡಿಸಬಹುದು.

ಬೈಪಾಸಿನ ಸಂಗತಿ ನನಗೆ ಹಳೆಯ ಪರಿಚಯದ ಹಾಗೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಮ್ಲ ತಗ್ಗಿಸುವ ಈಗಿನ ಮಾತ್ರೆಗಳಿರಲಿಲ್ಲ, ಹೊಟ್ಟೆಹುಣ್ಣಿನವರು ಬಂದರೆ ನರ ಕತ್ತರಿಸಿ, ಜಠರವನ್ನು ಸಣ್ಣಕರುಳಿಗೆ ಜೋಡಿಸುತ್ತಿದ್ದರು. ವಾರ್ಡಿನಲ್ಲಿ ಜಿ.ಜೆ. ಎನ್ನುತ್ತಿದ್ದೆವು. ಕೆಲವರಿಗೆ ಜಠರದ ಒಂದು ಪಾಲನ್ನೇ ತೆಗೆಯುತ್ತಿದ್ದರು. ಹಾಗೆ ಜಠರ ಕಿರಿದಾದವರು ಸೊರಗುವುದನ್ನು ಕಂಡೇ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲಿ ತೂಕ ಇಳಿಸಲು ಬೈಪಾಸ್ ಮಾಡಿದ್ದು. ಈಗ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಸಣ್ಣಕರುಳನ್ನು ಮೇಲೆತ್ತಿ ಅದಕ್ಕೆ ಹೊಲಿಯುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಅದರ ರಸ ಕೆಳಗೆ ಇನ್ನೊಂದು ಜೋಡಣೆಯಲ್ಲಿ ಬಂದು ಸೇರುತ್ತದೆ. ನಮ್ಮ ತೋಟದಲ್ಲಿ ತೋಡಿನ ನೀರನ್ನು ಕಟ್ಟ ಹಾಕಿ ಬೇರೆ ಕಣಿಗೆ ತಿರುಗಿಸಿ, ಕೆಳಗೆ ಮತ್ತೆ ತೋಡಿಗೇ ಸೇರಿಸುತ್ತೇವಲ್ಲ, ಹಾಗೆ. ತಿರುಗಿಸಿದ ಮೇಲೆ ನಡುವಿನ ಸಾಲಿನ ಗಿಡಗಳಿಗೆ ನೀರು ಸಿಗುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳಬೇಕಾದ ಜಾಗವೇ ತಪ್ಪಿಹೋಗುವುದರಿಂದ, ಬಿ12 ಹೀರಲು ಬೇಕಾದ ಜಠರದ ರಸ ಊಟದೊಂದಿಗೆ ಸರಿಯಾಗಿ ಬೆರೆಯದಿರುವುದರಿಂದ, ಜೀವಮಾನವಿಡೀ ಮಾತ್ರೆಯಾಗಿ ಇಲ್ಲವೇ ಇಂಜೆಕ್ಷನ್ನಾಗಿ ಅವನ್ನು ಕೊಡಬೇಕಾಗುತ್ತದೆ.

ಅದಕ್ಕೆ ಪ್ರತಿಯಾಗಿ ಎದೆಯುರಿ ಹೆಚ್ಚಿನವರಿಗೆ ಹೋಗಿಬಿಡುತ್ತದೆ. ಸಕ್ಕರೆ ಕಾಯಿಲೆಗೂ ಬೈಪಾಸಿನ ಹಿಡಿತ ಸ್ವಲ್ಪ ಹೆಚ್ಚು. ತೂಕ ಇಳಿಯುವ ಮೊದಲೇ, ವಾರಗಳೊಳಗೇ, ಸಕ್ಕರೆ ಇಳಿಯಲು ಶುರುವಾಗುವುದುಂಟು. ಕಾಯಿಲೆ ಹೊಸದಾಗಿದ್ದಷ್ಟೂ, ಇನ್ಸುಲಿನ್ ಹಂತಕ್ಕೆ ಹೋಗದಿದ್ದಷ್ಟೂ, ಮಾತ್ರೆ ಪೂರ್ತಿ ಬಿಡುವ ಸಾಧ್ಯತೆ ಜಾಸ್ತಿ. ಇನ್ನೂ ಹತ್ತು ವರ್ಷ ನೋಡೋಣ ಎಂದು ಮುಂದೂಡುವುದು ನನಗೆ ಸರಿ ಕಾಣದ್ದು ಇದಕ್ಕೇ.

ಪಾಣಾಜೆ ರಸ್ತೆಯ ಕಡೆಯ ಒಬ್ಬ ಹೆಂಗಸು ಬೈಪಾಸ್ ಮಾಡಿಸಿಕೊಂಡಿದ್ದಾರೆ. ಒಂದು ಉಪನಯನದ ಊಟದಲ್ಲಿ ನನ್ನ ಪಕ್ಕದ ಎಲೆ ಅವರದು. ಮೊದಲು ತೊವ್ವೆ, ಪಲ್ಯ, ಅದನ್ನೇ ಅಗಿದು ಅಗಿದು ತಿಂದರು. ಅನ್ನ ಎರಡು ತುತ್ತು. ನೀರು ಮುಟ್ಟಲಿಲ್ಲ, ಊಟದ ಜೊತೆ ಕುಡಿಯಬಾರದೆಂದು ಅವರಿಗೆ ಹೇಳಿದ್ದರು. ಅಷ್ಟರಲ್ಲಿ ಬಡಿಸುವವರು ಒತ್ತಾಯಿಸಿ ಪಾಯಸ ಹಾಕಿದರು, ದಾಕ್ಷಿಣ್ಯಕ್ಕೆ ಅದನ್ನೂ ತಿಂದರು. ಎಲೆ ಎತ್ತುವ ಹೊತ್ತಿಗೆ ಹಣೆಯಲ್ಲಿ ಬೆವರು, ಕೈ ತಣ್ಣಗೆ, ಎದೆ ಡವಡವ. ನಾಡಿ ಹಿಡಿದು ನೋಡಿದರೆ ಕುದುರೆಯ ಓಟ. ಒಳಗೆ ಚಾಪೆ ಹಾಸಿ ಮಲಗಿಸಿದೆವು. ಯಾರೋ ದೃಷ್ಟಿ ಎಂದರು, ಯಾರೋ ಬಿಪಿ ಎಂದರು. ಅದು ಡಂಪಿಂಗ್. ಸಿಹಿ ನೇರವಾಗಿ ಸಣ್ಣಕರುಳಿಗೆ ಇಳಿದಾಗ ಆಗುವಂಥದ್ದು, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಹಿಂದೆ ಜಿ.ಜೆ. ಆದವರಲ್ಲೂ ಇದನ್ನೇ ನೋಡಿದ್ದೆ. ಈಗ ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬಡಿಸುವವರ ಮುಖ ನೋಡಿ ಬೇಡ ಎನ್ನುತ್ತಾರೆ. ಸಕ್ಕರೆಯ ಮಾತ್ರೆ ನಿಂತಿದೆ, ಗದ್ದೆಯ ಬದಿಯಲ್ಲಿ ಸಲೀಸಾಗಿ ನಡೆಯುತ್ತಾರೆ.

ಬೆಂಗಳೂರಿನಲ್ಲಿ ಮಿನಿ ಬೈಪಾಸ್ ಎಂದೂ ಒಂದನ್ನು ಹೇಳುತ್ತಾರೆ. 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಡ್ಜ್ ಶುರುಮಾಡಿದ್ದು, ನಮ್ಮ ದೇಶದಲ್ಲಿ ತುಂಬಾ ನಡೆಯುತ್ತದೆ. ಜೋಡಣೆ ಒಂದೇ, ಸಮಯ ಕಡಿಮೆ, ತೂಕವೂ ಸಕ್ಕರೆಯೂ ಚೆನ್ನಾಗಿ ಇಳಿಯುತ್ತವೆ. ಆದರೆ ಒಂದೂವರೆ, ಎರಡು ಮೀಟರ್ ಕರುಳನ್ನು ದಾರಿಯಿಂದ ತಪ್ಪಿಸುತ್ತಾರೆ, ಪಿತ್ತರಸ ಜಠರಕ್ಕೆ ಹಿಂದೆ ಬರುವ ಸಂಭವವೂ ಇದೆ. ಮೊಟ್ಟೆ, ಮೀನು ಮುಟ್ಟದ ನಮ್ಮ ಮನೆಯವರಿಗೆ ಪ್ರೋಟೀನ್ ಮೊದಲೇ ಕಡಿಮೆ. ಸಸ್ಯಾಹಾರಿಗೆ ಎಷ್ಟು ಉದ್ದ ತಪ್ಪಿಸುತ್ತೀರಿ ಎಂದು ಕೇಳು. ಎಲ್ಲರಿಗೂ ಒಂದೇ ಅಳತೆ ಎಂದರೆ ನನಗೆ ಸಮಾಧಾನವಿಲ್ಲ. ಜಠರಕ್ಕೆ ಪಟ್ಟಿ ಕಟ್ಟುವುದು ಹಿಂದೆ ಇತ್ತು, ಈಗ ಹೆಚ್ಚಿನವರು ಕೈಬಿಟ್ಟಿದ್ದಾರೆ. ಹೊಟ್ಟೆಯೊಳಗೆ ಇಡುವ ಬಲೂನು ಸಾಮಾನ್ಯವಾಗಿ ಆರು ತಿಂಗಳಿನದು, ತೆಗೆದ ಮೇಲೆ ತೂಕ ಮರಳುವುದೇ ಹೆಚ್ಚು.

ತೂಕ ಇಳಿಸುವ ಇಂಜೆಕ್ಷನ್ನಿನ ವಿಷಯವನ್ನೂ ನೀನು ಕೇಳಿಯೇ ಇರುತ್ತೀ. ಮೌಂಜಾರೋ 2025ರ ಮಾರ್ಚಿನಲ್ಲಿ, ವೆಗೋವಿ ಜೂನಿನಲ್ಲಿ ನಮ್ಮ ದೇಶಕ್ಕೆ ಬಂದವು. ವಾರಕ್ಕೊಂದು ಚುಚ್ಚಿಕೊಳ್ಳುವುದು. ಪರೀಕ್ಷೆಗಳಲ್ಲಿ ಸರಾಸರಿ ತೂಕದ 15ರಿಂದ 20 ಶೇಕಡಾ ಇಳಿದಿದೆ. ಆಪರೇಶನ್ನಿನಲ್ಲಿ 25ರಿಂದ 30 ಶೇಕಡಾ ಇಳಿಯುತ್ತದೆ. ಇಂಜೆಕ್ಷನ್ ನಿಲ್ಲಿಸಿದರೆ ತೂಕದ ಹೆಚ್ಚಿನ ಪಾಲು ವಾಪಸು ಬರುತ್ತದೆ, ತಿಂಗಳ ಖರ್ಚು ನಿಲ್ಲುವುದಿಲ್ಲ. ಆದರೂ ಕತ್ತಿಗೆ ಒಪ್ಪುವ ಮೊದಲು ಇದು ನನಗೆ ಆಗುವುದೋ ಎಂದು ಸಕ್ಕರೆಯ ಡಾಕ್ಟರನ್ನು ಒಮ್ಮೆ ಕೇಳುವುದು ನಿನ್ನ ಹಕ್ಕು. ಕೇಳಿದ್ದಕ್ಕೆ ಸಿಡಿಮಿಡಿಗೊಳ್ಳುವ ಸರ್ಜನ್ ನಿನಗೆ ಬೇಡ. ಒಂದೇ ಬಗೆಯ ಆಪರೇಶನ್ ಮಾಡುವವರು ಎಲ್ಲರಿಗೂ ಅದನ್ನೇ ಹೇಳುತ್ತಾರೆ. ಎರಡೂ ಬಗೆಯದನ್ನು ಕೈತುಂಬಾ ಮಾಡಿದವರ ಅಭಿಪ್ರಾಯವನ್ನು ಇನ್ನೊಂದು ಕಡೆಯಲ್ಲಿ ತೆಗೆದುಕೋ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಮಾಡಿಸಿಕೊಂಡರು ಎಂದು ಅಪ್ಪ ಧೈರ್ಯ ತಂದುಕೊಳ್ಳುತ್ತಿದ್ದಾನೆ. ತಂದುಕೊಳ್ಳಲಿ, ಆದರೆ ಅವರ ಹೊಟ್ಟೆಗೆ ಒಗ್ಗಿದ್ದನ್ನು ನೋಡಿ ನಿನ್ನದನ್ನು ತೀರ್ಮಾನಿಸಲು ಬರುವುದಿಲ್ಲ.

ಮೇಲಿನದಕ್ಕಿಂತ ಮುಖ್ಯವಾದದ್ದು ಈಗ ಹೇಳುವುದು. ದಿನಕ್ಕೆ 60 ಗ್ರಾಂ ಪ್ರೋಟೀನ್ ತಿನ್ನಬೇಕೆಂದು ಡಯಟಿಶಿಯನ್ ಹೇಳುತ್ತಾರೆ. ನಮ್ಮ ಊಟವನ್ನು ಇಟ್ಟುಕೊಂಡು ಲೆಕ್ಕ ಹಾಕು. ಒಂದು ಬಟ್ಟಲು ಮೊಸರಿನಲ್ಲಿ ಆರೇಳು ಗ್ರಾಂ, ಬಟ್ಟಲು ತೊವ್ವೆಯಲ್ಲಿ ಹೆಚ್ಚುಕಡಿಮೆ ಅಷ್ಟೇ, ನೂರು ಗ್ರಾಂ ಪನೀರಿನಲ್ಲಿ 18. ಕುಚ್ಚಲಕ್ಕಿ ಗಂಜಿಯಲ್ಲಿ, ನೀರುದೋಸೆಯಲ್ಲಿ, ಕೊಟ್ಟಿಗೆಯಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಈ ಲೆಕ್ಕ ತುಂಬುವುದಿಲ್ಲ. ಅದೂ ಒಂದು ಹಿಡಿ ಹಿಡಿಸುವ ಹೊಟ್ಟೆಯಲ್ಲಿ! ಹಾಗಾಗಿ ಸೋಯಾ, ಪನೀರು, ಹಾಲಿನ ಪ್ರೋಟೀನ್ ಪುಡಿ, ಇವನ್ನು ಔಷಧಿಯೆಂದೇ ತಿಳಿದು ತೆಗೆದುಕೊಳ್ಳಬೇಕು. ಬಿ12 ನಿನಗೆ ಈಗಲೇ ಕಡಿಮೆ ಇದ್ದೀತು, ಸಸ್ಯಾಹಾರ ಒಂದು ಕಡೆ, ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಇನ್ನೊಂದು ಕಡೆ. ಸ್ಲೀವ್ ಮಾಡಿಸಿದರೆ ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡ, ಅದರಲ್ಲೂ ಬೇಕು. ಬೈಪಾಸಿನಲ್ಲಿ ಇನ್ನೂ ಕಟ್ಟುನಿಟ್ಟು. ಮೂರು ತಿಂಗಳಿಗೆ, ಆರಕ್ಕೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಚೆನ್ನಾಗಿದ್ದೇನೆ ಎಂದು ಬಿಟ್ಟವರು ಐದನೇ ವರ್ಷದಲ್ಲಿ ರಕ್ತ ಬತ್ತಿಹೋಗಿ, ಮೂಳೆ ಸವೆದು ಬರುತ್ತಾರೆ.

ದಿನ ದಿನ ವಾಂತಿಯಾಗುತ್ತಿದ್ದರೆ, ಯಾವ ಆಪರೇಶನ್ನೇ ಆಗಿರಲಿ, ಮನೆಯಲ್ಲಿ ಕೂರಬೇಡ. ಥಯಮಿನ್ ಎಂಬ ಬಿ1 ವಿಟಮಿನ್ನಿನ ಸಂಗ್ರಹ ವಾರಗಳಲ್ಲೇ ಮುಗಿದು ಮಿದುಳು, ನರಕ್ಕೆ ಏಟು ಬೀಳುತ್ತದೆ. ಬರೀ ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಕೊಡಿ ಎಂದು ನೀನೇ ಬಾಯಿಬಿಟ್ಟು ಹೇಳು. ಬೈಪಾಸ್ ಆದ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮುಟ್ಟಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಸೊಂಟನೋವಿಗೆ ಮೆಡಿಕಲಿಗೆ ಹೋಗಿ ಕೇಳಿದರೆ ಮೊದಲು ಕೈಗೆ ಬರುವುದು ಅವೇ. ಹೊಗೆಸೊಪ್ಪು, ಸಿಗರೇಟು ಅದಕ್ಕೂ ಕೆಟ್ಟವು. ಮದ್ಯವೂ ಬೈಪಾಸ್ ಆದವರಿಗೆ ಬೇಗ ಏರುತ್ತದೆ. ನೀನು ಕುಡಿಯುತ್ತೀಯೋ ಎಂದು ನಾನು ಕೇಳುವುದಿಲ್ಲ, ಆಫೀಸಿನ ಪಾರ್ಟಿಗಳಿರುತ್ತವೆ, ತಿಳಿದಿರಲಿ.

ಊರಿನ ದೂರವನ್ನೂ ಲೆಕ್ಕಕ್ಕೆ ತೆಗೆದುಕೋ. ಬೈಪಾಸ್ ಆಗಿ ವರ್ಷಗಳ ಮೇಲೂ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಆಗ ತಡೆಯಲಾರದ ಹೊಟ್ಟೆನೋವು ಬರುತ್ತದೆ, ಗಂಟೆಗಳ ಮೇಲೆ ಜೀವ ನಿಂತಿರುತ್ತದೆ. ನೀನು ರಜೆಗೆ ಇಲ್ಲಿದ್ದಾಗ ಹಾಗಾದರೆ ಗ್ಯಾಸು ಎಂದು ಓಮದ ಕಷಾಯ ಕುಡಿಸಿ ಮಲಗಿಸುವವರೇ ನಮ್ಮಲ್ಲಿ ಜಾಸ್ತಿ. ಬೆಟ್ಟಂಪಾಡಿಯಿಂದ ಪುತ್ತೂರು, ಅಲ್ಲಿಂದ ಮಾಣಿ, ಬಿ.ಸಿ. ರೋಡು ದಾಟಿ ಮಂಗಳೂರು ಸೇರಬೇಕು. ಮಳೆಗಾಲದ ರಾತ್ರಿಯಲ್ಲಿ ಅದೆಷ್ಟು ಹೊತ್ತಿನ ದಾರಿ ಎಂದು ನಿನಗೆ ಗೊತ್ತಿದೆ. ಯಾವ ಆಪರೇಶನ್, ಎಷ್ಟು ಉದ್ದದ ಕರುಳು, ಯಾವ ಮಾತ್ರೆ ಕೂಡದು ಎಂದು ಸರ್ಜನ್ ಕೈಯಲ್ಲಿ ಒಂದು ಹಾಳೆ ಬರೆಸಿಕೊಂಡು ಪರ್ಸಿನಲ್ಲೂ ಫೋನಿನಲ್ಲೂ ಇಟ್ಟುಕೋ. ನನಗೊಂದು ಪ್ರತಿ ಕಳಿಸು.

ಮದುವೆಯ ಮಾತು ಬಂದಾಗ ಮುಚ್ಚಿಡಬೇಡ. ಕೇಳಿ ಹಿಂಜರಿಯುವ ಮನೆ ನಮಗೆ ಬೇಡ. ಆಪರೇಶನ್ ಆಗಿ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಗರ್ಭ ನಿಲ್ಲಬಾರದು, ಆದರೆ ತೂಕ ಇಳಿದಂತೆ ಮುಟ್ಟು ಸರಿಯಾಗಿ ಗರ್ಭ ಬೇಗ ನಿಲ್ಲುವುದೇ ಹೆಚ್ಚು. ಗರ್ಭನಿರೋಧಕ ಗುಳಿಗೆ ಬೈಪಾಸಿನಲ್ಲಿ ಸರಿಯಾಗಿ ಹೀರದೆ ಹೋಗಬಹುದು, ಬೇರೆ ಉಪಾಯ ಕೇಳಬೇಕು. ಇದನ್ನು ಅಮ್ಮ ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದೆ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಿದರೆ ಗಾಬರಿ ಬೇಡ, ಮರಳಿ ಬರುತ್ತದೆ. ಪಿತ್ತಕೋಶದಲ್ಲಿ ಕಲ್ಲಾಗದಂತೆ ಕೆಲವು ತಿಂಗಳು ಮಾತ್ರೆ ಕೊಡುವ ಪದ್ಧತಿ ಇದೆ, ಕೇಳಿಕೋ.

ದುಡ್ಡಿನ ವಿಷಯದಲ್ಲಿ, ಬಿಎಂಐ 40 ದಾಟಿ ಡಾಕ್ಟರ ಸಲಹೆ ಇದ್ದರೆ ಇದನ್ನು ಬೊಜ್ಜಿನ ಚಿಕಿತ್ಸೆ ಎಂದು ಹೊರಗಿಡುವಂತಿಲ್ಲ ಎಂದು ವಿಮೆ ನಿಯಂತ್ರಿಸುವ ಐಆರ್‌ಡಿಎಐ ನಿಯಮ ಇದೆ. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೋ ನೋಡಿ, ಮುಂಗಡ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೋ. ನಿನ್ನ ಹಣದಿಂದ ಮಾಡಿಸಿದರೂ ಮುಂದಿನ ವರ್ಷಗಳ ಮಾತ್ರೆ, ಪರೀಕ್ಷೆಗೆ ಒಂದಿಷ್ಟು ಬೇರೆ ತೆಗೆದಿಡು.

ನನ್ನ ಮನಸ್ಸು ಎಲ್ಲಿ ನಿಂತಿದೆ ಎಂದು ಕೇಳುತ್ತೀಯಲ್ಲ. ಎಂಡೋಸ್ಕೋಪಿಯಲ್ಲಿ ಅನ್ನನಾಳ ಕೆಂಪಾಗಿದ್ದರೆ, ಎದೆಯುರಿಯೂ ಸಕ್ಕರೆಯೂ ಜೊತೆಗಿರುವ ನಿನಗೆ ಎರಡು ಜೋಡಣೆಯ ಹಳೆಯ ಬೈಪಾಸೇ ವಾಸಿ. ಅನ್ನನಾಳ ಚೊಕ್ಕವಾಗಿದ್ದು, ಮಾತ್ರೆ ನುಂಗುವುದು ತಪ್ಪಿಹೋದೀತು ಎಂದು ನಿನಗೇ ಅನಿಸಿದರೆ ಸ್ಲೀವ್. ಮಾತ್ರೆಯ ವಿಷಯದಲ್ಲಿ ನಿನ್ನ ಗುಣ ನಿನಗೆ ಗೊತ್ತು. ಥೈರಾಯ್ಡಿನ ಗುಳಿಗೆಯನ್ನು ತಿಂಗಳಿಗೆ ಎಷ್ಟು ದಿನ ಮರೆಯುತ್ತೀ ಎಂದು ಪ್ರಾಮಾಣಿಕವಾಗಿ ಎಣಿಸಿ ನೋಡು, ಆ ಉತ್ತರವನ್ನೂ ಸರ್ಜನ್ ಮುಂದೆ ಇಡು.

ದಿನ ಆರಿಸುವಾಗ ಪುತ್ತೂರು ಜಾತ್ರೆ, ಅದರ ಬೆನ್ನಿಗೆ ಬರುವ ಮದುವೆ ಉಪನಯನಗಳೆಲ್ಲ ಕಳೆಯಲಿ. ಆಟಿ ತಿಂಗಳಿನಲ್ಲಿ ನಮ್ಮ ಕಡೆ ಶುಭಕಾರ್ಯಗಳಿಲ್ಲ, ಯಾರೂ ಊಟಕ್ಕೆ ಕರೆದು ಒತ್ತಾಯಿಸುವುದಿಲ್ಲ. ಮೊದಲ ಎರಡು ವಾರ ತಿಳಿಯಾದದ್ದು, ಆಮೇಲಿನದು ಅರೆದ ಮೆತ್ತಗಿನ ಊಟ, ಅದು ಆ ತಿಂಗಳಿನಲ್ಲಿ ಸಲೀಸು. ನಾನು ಬೆಂಗಳೂರಿಗೆ ಬಂದು ನಿನ್ನ ಜೊತೆ ಇರುತ್ತೇನೆ. ಗಂಜಿತಿಳಿ, ಹೆಸರುಬೇಳೆ ಕಟ್ಟು ನಾನೇ ಮಾಡುತ್ತೇನೆ, ಮಿಕ್ಸಿ ಸರಿಯಿದೆಯೋ ನೋಡಿಡು. ಎಂಡೋಸ್ಕೋಪಿಯ ವರದಿ ಬಂದ ಕೂಡಲೇ ಫೋಟೋ ತೆಗೆದು ಕಳಿಸು, ಎಚ್‌ಬಿಎ1ಸಿ, ಬಿ12, ಕಬ್ಬಿಣ, ವಿಟಮಿನ್ ಡಿ ರಿಪೋರ್ಟು ಇದ್ದರೆ ಅದನ್ನೂ.

ನಿನ್ನ ದೊಡ್ಡತ್ತೆ
ಬೆಟ್ಟಂಪಾಡಿ